ಹಳೆಯ ಹಾರ್ಡ್ ಡಿಸ್ಕಿನಿಂದ ಹೊಸದಕ್ಕೆ: ಕಡತಗಳನ್ನು ಕಳೆದುಕೊಳ್ಳದೆ ಕಾಪಿ ಮಾಡುವುದು ಹೇಗೆ?

ಮದುವೆಯ ವಿಡಿಯೊ, ಮಕ್ಕಳ ಫೋಟೊ, ಜಮೀನಿನ ಪತ್ರಗಳ ಸ್ಕ್ಯಾನ್ ತುಂಬಿದ ಹಾರ್ಡ್ ಡಿಸ್ಕನ್ನು ಬದಲಿಸುವವರಲ್ಲಿ ಹೆಚ್ಚಿನವರು ಎಡವುವುದು ಕಾಪಿ ಮುಗಿದ ಮೇಲೆ. ಹಸಿರು ಪಟ್ಟಿ ತುದಿ ಮುಟ್ಟಿತೆಂದರೆ ಎಲ್ಲವೂ ಸುರಕ್ಷಿತವಾಗಿ ತಲುಪಿತೆಂದು ನಂಬಿ, ಅದೇ ಸಂಜೆ ಹಳೆಯ ಡಿಸ್ಕನ್ನು ಅಳಿಸಿಬಿಡುತ್ತಾರೆ. ಎರಡು ಡಿಸ್ಕುಗಳ ಫಾರ್ಮ್ಯಾಟ್ (ಕಡತಗಳನ್ನು ಜೋಡಿಸಿಡುವ ಪದ್ಧತಿ) ಬೇರೆಬೇರೆಯಾಗಿದ್ದರಂತೂ ಈ ಅವಸರ ಇನ್ನಷ್ಟು ದುಬಾರಿಯಾಗುತ್ತದೆ.

ಮೊದಲು ಎರಡೂ ಡಿಸ್ಕುಗಳ ಫಾರ್ಮ್ಯಾಟ್ ಯಾವುದೆಂದು ತಿಳಿದುಕೊಳ್ಳಿ. ವಿಂಡೋಸ್‌ನಲ್ಲಿ ಡ್ರೈವ್‌ನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯಲ್ಲಿ ನೋಡಿದರೆ ಅದು ಕಾಣುತ್ತದೆ. ಮ್ಯಾಕ್‌ನ ಎಪಿಎಫ್ಎಸ್ ಫಾರ್ಮ್ಯಾಟಿನ ಡಿಸ್ಕನ್ನು ವಿಂಡೋಸ್ ತಾನಾಗಿ ಓದಲಾರದು. ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕೆಂಬ, ಅಂದರೆ ಇರುವುದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕೆಂಬ ಸಂದೇಶವನ್ನು ಅದು ಮುಂದಿಟ್ಟರೆ ಕಣ್ಣುಮುಚ್ಚಿ ಕ್ಯಾನ್ಸಲ್ ಒತ್ತಿರಿ. ಡಿಸ್ಕ್ ಕೆಟ್ಟಿಲ್ಲ, ಆ ಕಂಪ್ಯೂಟರಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ.

ಹೊಸ ಡಿಸ್ಕಿಗೆ ಯಾವ ಫಾರ್ಮ್ಯಾಟ್? ವಿಂಡೋಸ್ ಮಾತ್ರ ಬಳಸುವ ಮನೆಯಾದರೆ ಎನ್‌ಟಿಎಫ್ಎಸ್ ಬಿಟ್ಟು ಬೇರೆ ಯೋಚನೆ ಬೇಡ. ನಡುವೆ ಕರೆಂಟು ಹೋದರೆ ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುವ ದಾಖಲೆಯೊಂದನ್ನು ಅದು ಇಟ್ಟುಕೊಂಡಿರುತ್ತದೆ. ಮ್ಯಾಕ್ ಮತ್ತು ವಿಂಡೋಸ್ ಎರಡಕ್ಕೂ ಬೇಕಾದರೆ ಎಕ್ಸ್‌ಫ್ಯಾಟ್ ಆಗಬಹುದು. ಆದರೆ ಅದಕ್ಕೆ ಅಂಥ ದಾಖಲೆ ಇಲ್ಲದಿರುವುದರಿಂದ ಎಜೆಕ್ಟ್ ಮಾಡದೆ (ಡಿಸ್ಕನ್ನು ತೆಗೆಯುತ್ತೇನೆಂದು ಕಂಪ್ಯೂಟರಿಗೆ ಮೊದಲೇ ತಿಳಿಸದೆ) ಕೇಬಲ್ ಕೀಳುವ ಅಭ್ಯಾಸವಿದ್ದವರು ಆ ಅಭ್ಯಾಸವನ್ನು ಬಿಡಲೇಬೇಕು. ಫ್ಯಾಟ್32 ಕಾರಿನ ಸ್ಟೀರಿಯೊಗೆ, ಹಳೆಯ ಟಿವಿಗೆ ಸಾಕು. 4 ಜಿಬಿಯಷ್ಟು ದೊಡ್ಡ ಕಡತ ಅದರಲ್ಲಿ ಹಿಡಿಯುವುದೇ ಇಲ್ಲವಾದ್ದರಿಂದ ಮದುವೆಯ ವಿಡಿಯೊಗೆ ಅದು ಸಲ್ಲದು. ವಿಡಿಯೊವನ್ನು ತುಂಡು ಮಾಡಿ ಜಿಪ್ ಮಾಡುವ ಅಡ್ಡದಾರಿಯನ್ನು ಹೇಳಿಕೊಡುವವರಿದ್ದಾರೆ. ಒಂದು ತುಂಡು ಕೆಟ್ಟರೆ ಇಡೀ ವಿಡಿಯೊ ತೆರೆಯದಿರಬಹುದಾದ್ದರಿಂದ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಇನ್ನು, ಮ್ಯಾಕ್‌ಗೆ ಎನ್‌ಟಿಎಫ್ಎಸ್ ಡಿಸ್ಕನ್ನು ಓದಲು ಮಾತ್ರ ಬರುತ್ತದೆ, ಬರೆಯಲು ಬರುವುದಿಲ್ಲ. ಮೂಲ ಡಿಸ್ಕ್ ಎನ್‌ಟಿಎಫ್ಎಸ್ ಆಗಿದ್ದರೆ ಇದು ಕೊರತೆಯೇ ಅಲ್ಲ, ಕಾವಲು. ಬರೆಯಲು ನೆರವಾಗುವ ತಂತ್ರಾಂಶವನ್ನು ಹುಡುಕಿ ಹಾಕಿಕೊಳ್ಳಬೇಡಿ.

ಹೊಸ ಡಿಸ್ಕಿನ ಮೇಲೆ ಬರೆದಿರುವ ಸಾಮರ್ಥ್ಯ ನಿಜವೇ ಎಂಬುದನ್ನೂ ನೋಡಬೇಕು. ನಂಬಲಾಗದಷ್ಟು ಅಗ್ಗಕ್ಕೆ ಸಿಗುವ 2 ಟಿಬಿ ಪೆನ್‌ಡ್ರೈವ್‌ಗಳಲ್ಲಿ ಅನೇಕವು ಒಳಗೆ ಕೆಲವೇ ಜಿಬಿ ಹೊಂದಿದ್ದು, ಉಳಿದುದನ್ನು ಬರೆದಂತೆ ನಟಿಸುತ್ತವೆ. ಡಿಸ್ಕ್ ಖಾಲಿ ಇರುವಾಗಲೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಪರೀಕ್ಷಾ ತಂತ್ರಾಂಶವನ್ನು ಓಡಿಸಿದರೆ ಬಣ್ಣ ಬಯಲಾಗುತ್ತದೆ.

ಕಾಪಿ ಮಾಡುವಾಗ ಕಟ್ ಬಳಸಬೇಡಿ, ಕಾಪಿಯನ್ನೇ ಬಳಸಿ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಮಾಡಿ. ನಡುವೆ ದೋಷದ ಸಂದೇಶ ಬಂದರೆ, ಎಲ್ಲಕ್ಕೂ ಹೀಗೇ ಮಾಡು ಎಂಬ ಚೌಕಕ್ಕೆ ಟಿಕ್ ಹಾಕಿ ಸ್ಕಿಪ್ ಒತ್ತದೆ, ಯಾವ ಕಡತ ಎಂದು ಬರೆದಿಟ್ಟುಕೊಳ್ಳಿ. ಅನೇಕ ಸಲ ತಪ್ಪು ಹೆಸರಿನಲ್ಲಿರುತ್ತದೆ. ಪ್ರಶ್ನಾರ್ಥಕ ಚಿಹ್ನೆಯೋ ಕೋಲನ್ (:) ಚಿಹ್ನೆಯೋ ಇರುವ ಹೆಸರನ್ನು ಲಿನಕ್ಸ್ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ: ಲಿನಕ್ಸ್‌ನ ಇಎಕ್ಸ್‌ಟಿ4 ಫಾರ್ಮ್ಯಾಟಿನಲ್ಲಿ ಒಂದು ಹೆಸರಿಗೆ 255 ಬೈಟ್‌ಗಳಷ್ಟೇ ಜಾಗ, ಕನ್ನಡದ ಪ್ರತಿ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ತಲಾ 3 ಬೈಟ್ ಹಿಡಿಯುತ್ತದೆ. ‘ಸಾಹಿತ್ಯ’ ಎಂಬ ಪುಟ್ಟ ಪದಕ್ಕೇ 21 ಬೈಟ್ ಬೇಕು. ಎನ್‌ಟಿಎಫ್ಎಸ್‌ನಲ್ಲಿ ಆರಾಮವಾಗಿ ಕುಳಿತಿದ್ದ ಉದ್ದನೆಯ ಕನ್ನಡ ಹೆಸರು ಅಲ್ಲಿ ಹಿಡಿಸದಿರುವುದು ಇದರಿಂದಲೇ. ಮೂಲ ಡಿಸ್ಕಿನಲ್ಲಿ ಹೆಸರು ತಿದ್ದುವ ಬದಲು ಆ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿ ಹೆಸರು ಮೊಟಕುಗೊಳಿಸಿ ಕಳುಹಿಸಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಹಂತ, ಪರಿಶೀಲನೆ. ಹೊಸ ಡಿಸ್ಕನ್ನು ಎಜೆಕ್ಟ್ ಮಾಡಿ, ಕೇಬಲ್ ತೆಗೆದು, ಮತ್ತೆ ಜೋಡಿಸಿ. ಈಗಷ್ಟೇ ಬರೆದ ಕಡತದ ಪ್ರತಿ ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದಿರುವುದರಿಂದ, ಹಾಗೆಯೇ ಪರಿಶೀಲಿಸಿದರೆ ನೀವು ನೋಡುವುದು ಡಿಸ್ಕನ್ನಲ್ಲ, ಮೆಮೊರಿಯನ್ನು ಆಗಿರಬಹುದು. ಬಳಿಕ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನೂ ಸೈಜ್ ಎಂಬಲ್ಲಿನ ಬೈಟ್‌ಗಳನ್ನೂ ಹೋಲಿಸಿ. ಅದರ ಕೆಳಗಿನ ಸೈಜ್ ಆನ್ ಡಿಸ್ಕ್ ನೋಡಿ ಗಾಬರಿಯಾಗಬೇಡಿ. ದೊಡ್ಡ ಡಿಸ್ಕನ್ನು ವಿಂಡೋಸ್ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡುವಾಗ ಸಾಮಾನ್ಯವಾಗಿ 128 ಕೆಬಿಯ ಖಾನೆಗಳನ್ನು ಮಾಡುತ್ತದೆ. 2 ಕೆಬಿಯ ಟಿಪ್ಪಣಿಯೂ ಒಂದಿಡೀ ಖಾನೆಯನ್ನು ಆಕ್ರಮಿಸುತ್ತದೆ. ಅಂಥ 10,000 ಟಿಪ್ಪಣಿಗಳ ತೂಕ ಸುಮಾರು 20 ಎಂಬಿಯಾದರೂ ಡಿಸ್ಕಿನಲ್ಲಿ ಅವು ನುಂಗುವ ಜಾಗ 1.2 ಜಿಬಿ. ಮ್ಯಾಕ್‌ನಿಂದ ಕಾಪಿ ಮಾಡಿದ್ದರೆ ಚುಕ್ಕೆ, ಕೆಳಗೆರೆಯಿಂದ ಶುರುವಾಗುವ ಅಡಗಿದ ಕಡತಗಳು ಸೇರಿಕೊಂಡು ಸಂಖ್ಯೆ ಹೆಚ್ಚಾಗಿ ಕಾಣಬಹುದು. ಸಂಖ್ಯೆ ಕಡಿಮೆಯಾದರೆ ಮಾತ್ರ ಚಿಂತಿಸಬೇಕು.

ಗಾತ್ರ ಸರಿಯಿದ್ದರೂ ಒಳಗಿನದು ಕೆಟ್ಟಿರಬಹುದು. ನಾಲ್ಕು ಫೋಟೊ ತೆರೆದು ನೋಡುವುದು ಪರಿಶೀಲನೆಯಲ್ಲ. ಫೋಟೊದ ಚಿಕ್ಕ ಚಿತ್ರ ಕಡತದೊಳಗೆ ಪ್ರತ್ಯೇಕವಾಗಿ ಇರಬಹುದಾದ್ದರಿಂದ, ಚಿಕ್ಕದು ಚೆನ್ನಾಗಿ ಕಂಡು ದೊಡ್ಡದು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗಿರುವುದುಂಟು. ಇದಕ್ಕೆ ಚೆಕ್‌ಸಮ್ (ಕಡತದ ಒಳಗಿರುವುದರಿಂದ ಲೆಕ್ಕಹಾಕಿ ತೆಗೆಯುವ ಗುರುತಿನ ಸಂಖ್ಯೆ) ಹೋಲಿಕೆಯೇ ಮದ್ದು. ವಿಂಡೋಸ್‌ನಲ್ಲಿ ಟೆರಾಕಾಪಿ ತಂತ್ರಾಂಶದ ಪರಿಶೀಲನೆ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಆರ್‌ಸಿಂಕ್‌ನ ಚೆಕ್‌ಸಮ್ ಆಯ್ಕೆ ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಿ, ಒಂದು ಬೈಟ್ ಬೇರೆಯಿದ್ದರೂ ಹೆಸರು ಹಿಡಿದು ಹೇಳುತ್ತವೆ. ಕಾಪಿಗೆ ಹಿಡಿದಷ್ಟೇ ಹೊತ್ತು ಇದಕ್ಕೂ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ.

ಹಳೆಯ ಡಿಸ್ಕನ್ನು ಕೆಲವು ತಿಂಗಳು ಹಾಗೆಯೇ ಎತ್ತಿಡಿ. ಅದನ್ನು ಫಾರ್ಮ್ಯಾಟ್ ಮಾಡುವ ದಿನ ಹೊಸ ಡಿಸ್ಕಿನ ಕೇಬಲನ್ನು ಮೊದಲೇ ಬಿಡಿಸಿ ಬೇರೆ ಕೋಣೆಯಲ್ಲಿಡಿ, ಏಕೆಂದರೆ ಒಂದೇ ಕಂಪನಿಯ ಎರಡು ಡಿಸ್ಕುಗಳು ಪಟ್ಟಿಯಲ್ಲಿ ಒಂದೇ ಹೆಸರಿನಿಂದ ಅಕ್ಕಪಕ್ಕ ಕಾಣಿಸಿಕೊಳ್ಳಬಹುದು.