ಕೋಡ್ ಯಾರದ್ದು, ದುಡ್ಡು ಯಾವಾಗ: ದಾವಣಗೆರೆಯಲ್ಲಿ ಕಂಪನಿ ನಡೆಸಿದ ನನ್ನ ಅನುಭವ

ದಾವಣಗೆರೆಯ ದಲಾಲಿ ಅಂಗಡಿಗಳಿಗೆ, ಸಣ್ಣ ಮಿಲ್‌ಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೆಕ್ಕೆಜೋಳದ ತೂಕ, ಹಮಾಲಿ, ರೈತರ ಲೆಕ್ಕಪಟ್ಟಿ ಎಲ್ಲಾ ಅದರಲ್ಲೇ ಆಗುತ್ತದೆ. ಹೊಸದಾಗಿ ಸ್ಟಾರ್ಟಪ್ ಶುರು ಮಾಡುವ ಹುಡುಗರು ಬಂದರೆ ಫಂಡಿಂಗ್ ಬಗ್ಗೆ ಕೇಳುತ್ತಾರೆ. ನಾನು ಕೇಳುವುದು, ನಿಮ್ಮ ಕೋಡ್ ಯಾರ ಹೆಸರಲ್ಲಿದೆ ಅಂತ.

ನಮ್ಮ ಮೊದಲ ಸಾಫ್ಟ್‌ವೇರಿನ ಅರ್ಧ ಕೋಡ್ ಬರೆದವನು ಇಲ್ಲೇ ಇಂಜಿನಿಯರಿಂಗ್ ಓದಿದ ಹುಡುಗ. ಸಂಬಳ ಇಲ್ಲ, ಕೆಲಸಕ್ಕೆ ಇಷ್ಟು ಅಂತ ಮಾತು. ದುಡ್ಡು ಕೊಟ್ಟರೆ ಕೋಡ್ ನಮ್ಮದೇ ಅಲ್ವಾ? ಅಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಸಂಬಳಕ್ಕಿರುವ ನೌಕರ ತನ್ನ ಕೆಲಸವಾಗಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದ್ದು. ಹೊರಗಿನವರು ಬರೆದದ್ದು ಅವರದ್ದೇ, ಸಹಿ ಹಾಕಿ ಬರೆದುಕೊಡುವ ತನಕ.

ಬರೆಸಿಕೊಂಡರೂ ಸಾಲದು, ಏನು ಬರೆದಿದೆ ನೋಡಬೇಕು. ಎಷ್ಟು ವರ್ಷಕ್ಕೆ ಅಂತ ಇಲ್ಲದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ. ಎಲ್ಲಿಗೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಮಾತು ಬರೆದಿಲ್ಲದಿದ್ದರೆ, 1 ವರ್ಷ ಬಳಸದ ಹಕ್ಕು ಬಿದ್ದುಹೋಗುತ್ತದೆ. ನೆಟ್‌ನಲ್ಲಿ ಸಿಗುವ ಅಮೆರಿಕದ ಕರಾರುಗಳಲ್ಲಿ ಇದೆಲ್ಲಾ ಇರುತ್ತದೆ ಅನ್ನುವಂತಿಲ್ಲ. ನಮ್ಮ ವಕೀಲರು ಮೂರನ್ನೂ ಬಿಡಿಸಿ ಬರೆಸಿದರು.

ಕಾಗದ ಮುಂದಿಟ್ಟಾಗ ಹುಡುಗನಿಗೆ ಬೇಜಾರಾಯಿತು. "ನಮ್ಮ ನಡುವೆ ಇದೆಲ್ಲಾ ಯಾಕಣ್ಣಾ?" ಅಂದ. "ನಿನಗೂ ಬೇಕು ಕಣಪ್ಪಾ. ನಾಳೆ ನಾವು ದುಡ್ಡು ಕೊಡದಿದ್ದರೆ ಏನು ತೋರಿಸ್ತೀಯಾ?" ಅಂದೆ. ಪೂರ್ತಿ ದುಡ್ಡು ಕೈಸೇರಿದ ಮೇಲೆಯೇ ಹಕ್ಕು ಕಂಪನಿಗೆ ಅಂತ ಸೇರಿಸಿದೆವು. ಆ ಸಾಲು ನನಗೆ ತುಂಬಾ ಮುಖ್ಯ. ಬೇರೆಯವರ ದುಡಿಮೆಯನ್ನು ಕಾನೂನಿನ ಬಲದಿಂದ ಕಿತ್ತುಕೊಳ್ಳಬಾರದು. ಕಂಪನಿ ನೋಂದಣಿಗೆ ಮುಂಚೆ ನಾನು, ನನ್ನ ಪಾಲುದಾರ ಬರೆದ ಕೋಡ್ ಕೂಡ ಹೀಗೆಯೇ ಕಂಪನಿಗೆ ಬರೆದುಕೊಟ್ಟೆವು.

ಓಪನ್ ಸೋರ್ಸ್ ಕೋಡ್, ಅಂದರೆ ಬೇರೆಯವರೂ ಬಳಸಲಿ ಅಂತ ಬರೆದವರು ಬಿಟ್ಟುಕೊಟ್ಟ ಕೋಡ್, ಏನೇನು ಬಳಸಿದ್ದೇವೆ ಅಂತಲೂ ಪಟ್ಟಿ ಇಟ್ಟೆವು. ಅದರಲ್ಲಿ ಜಿಪಿಎಲ್ ಅನ್ನುವ ಲೈಸೆನ್ಸ್ (ಬಳಕೆಯ ಷರತ್ತು) ಇರುವ ಕೋಡ್ ಸೇರಿಸಿ ಗಿರಾಕಿಗೆ ಸಾಫ್ಟ್‌ವೇರ್ ಕೊಟ್ಟರೆ, ನಮ್ಮ ಮೂಲ ಕೋಡನ್ನೂ ಕೊಡಬೇಕಾಗಬಹುದು. ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಿದೆವು. ಅದು ಸುಲಭದ ಕೆಲಸ.

ಕಷ್ಟದ್ದು ವಸೂಲಿ. "ಸೀಸನ್ ಮುಗೀಲಿ, ಕೊಡ್ತೀವಿ ಬಿಡ್ರಿ" ಅನ್ನುವುದು ಇಲ್ಲಿ ರೂಢಿ. ಆದರೆ ಬಿಲ್ ಹಾಕಿದ ಮೇಲೆ ಗಿರಾಕಿ ಕೊಡಲಿ ಬಿಡಲಿ, 18% ಜಿಎಸ್‌ಟಿ ನಾವು ಕಟ್ಟಲೇಬೇಕು. ಅದಕ್ಕೇ ವರ್ಷದ ಚಂದಾ ಮುಂಗಡ ತೆಗೆದುಕೊಳ್ಳುವ ಪದ್ಧತಿ ಮಾಡಿದೆವು. ಮೊದಲು ಪ್ರೊಫಾರ್ಮಾ (ಇಷ್ಟಾಗುತ್ತದೆ ಅಂತ ತೋರಿಸುವ ಚೀಟಿ), ದುಡ್ಡು ಬಂದ ಮೇಲೆ ಟ್ಯಾಕ್ಸ್ ಬಿಲ್.

ಉದ್ರಿ ಕೊಡಲೇಬೇಕಾದ ಕಡೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಕೈಹಿಡಿಯಿತು. ಅದಕ್ಕೆ ಶುಲ್ಕ ಇಲ್ಲ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣವರಿಗೆ ಕರಾರಿದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು, ಕರಾರಿಲ್ಲದಿದ್ದರೆ 15 ದಿನದೊಳಗೆ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ಆದರೂ ನೋಟಿಸ್ ಕಳಿಸುವುದು ನನಗೆ ಇಷ್ಟವಿಲ್ಲ. ಇದು ಸಣ್ಣ ಊರು, ಮುಖ ನೋಡಿ ವ್ಯಾಪಾರ ಮಾಡಬೇಕು. ಉದ್ಯಮ್ ನಂಬರ್, 45 ದಿನದ ಗಡುವು ಎರಡನ್ನೂ ಬಿಲ್ ಮೇಲೆ ಅಚ್ಚು ಹಾಕಿಸಿದ್ದೇವೆ, ಅಷ್ಟೇ.

ಬಡ್ಡಿಗಿಂತ ಜಾಸ್ತಿ ಕೆಲಸ ಮಾಡಿದ್ದು 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ನಿಯಮ. ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಗಿರಾಕಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಈಗ ಮಾರ್ಚ್ ಬಂದರೆ ಗಿರಾಕಿಗಳ ಆಡಿಟರ್‌ಗಳೇ ಫೋನ್ ಮಾಡಿ, "ನಿಮ್ದು ಬಾಕಿ ಎಷ್ಟೈತಿ ಹೇಳ್ರಿ" ಅಂತ ಕೇಳುತ್ತಾರೆ.