ಗೊರಸಿನ ಹುಣ್ಣಿಗೆ ಆಂಟಿಬಯಾಟಿಕ್ ಬೇಕೋ ಬೇಡವೋ: ರಕ್ತ ನೋಡಿ ನಿರ್ಧರಿಸುವ ನನ್ನ ಅನುಭವ

ಹಸುವಿನ ಹಿಂಗಾಲಿನ ಹೊರಗೊರಸಿನ ಅಡಿಯಲ್ಲಿ ಹುಣ್ಣು ಕಂಡರೆ ನಮ್ಮವರ ಕೈ ಮೊದಲು ಹೋಗುವುದು ಆಂಟಿಬಯಾಟಿಕ್ ಬಾಟಲಿಗೆ. ಸೋಂಕು ಆಳಕ್ಕೆ ಇಳಿಯದಿದ್ದರೆ ಗೊರಸಿನ ಸತ್ತ ಪದರ ಕೆತ್ತಿ, ಒಳಗೊರಸಿಗೆ ಬ್ಲಾಕ್ (ಹುಣ್ಣಾದ ಗೊರಸು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ತುಂಡು) ಅಂಟಿಸಿ, ಮೂರು ದಿನ ಕೀಟೊಪ್ರೊಫೆನ್ (ನೋವು, ಉರಿಯೂತ ಇಳಿಸುವ ಮದ್ದು) ಕೊಟ್ಟರೆ ಸಾಕು. ಸೋಂಕು ಇಳಿದಿದೆಯೋ ಇಲ್ಲವೋ ಎಂಬುದನ್ನು ರಕ್ತದಲ್ಲಿ ನೋಡುತ್ತೇನೆ ಎಂದಾಗ ನಕ್ಕವರು ಈಗ ಮಾದರಿ ಹಿಡಿದು ಬರುತ್ತಾರೆ.

ಬಿಳಿಕಣದ ಎಣಿಕೆಗೆ ಸುರಿದ ದುಡ್ಡೆಲ್ಲ ದಂಡ. ಹಸುವಿನ ಮಜ್ಜೆಯಲ್ಲಿ ನ್ಯೂಟ್ರೋಫಿಲ್ (ಸೋಂಕಿಗೆ ಮೊದಲು ಧಾವಿಸುವ ಬಿಳಿಕಣ) ದಾಸ್ತಾನು ಕಡಿಮೆ. ತೀವ್ರ ಉರಿಯೂತದ ಆರಂಭದಲ್ಲಿ ಎಣಿಕೆ ಏರುವ ಬದಲು ಇಳಿಯುವುದೂ ಉಂಟು. ಕಟ್ಟಿಹಾಕಿ ಕಾಲೆತ್ತಿದ ಹಸುವಿನಲ್ಲಿ ಹೆದರಿಕೆಗೇ ನ್ಯೂಟ್ರೋಫಿಲ್ ಏರಿ, ಇನ್ನೊಂದು ಬಗೆಯ ಬಿಳಿಕಣವಾದ ಲಿಂಫೋಸೈಟ್ ಕುಸಿಯುತ್ತದೆ. ಡೆಕ್ಸಾ (ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್) ಬಿದ್ದಿದ್ದರಂತೂ ಆ ವರದಿ ಓದುವುದೇ ಬೇಡ.

ಕೈಹಿಡಿದದ್ದು ಫೈಬ್ರಿನೋಜೆನ್, ಉರಿಯೂತವಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಹಾಕಿದ ನಳಿಕೆಯನ್ನು ಗೆರೆಯವರೆಗೆ ತುಂಬಬೇಕು. ಅರೆ ತುಂಬಿದರೆ ಇಡಿಟಿಎಯೇ ಪ್ರೋಟೀನ್ ಅಳತೆ ಹೆಚ್ಚಿಸಿ ತೋರಿಸುತ್ತದೆ. ಎರಡು ಕ್ಯಾಪಿಲರಿ (ಸಣ್ಣ ಗಾಜಿನ ಕೊಳವೆ) ತುಂಬಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ. ಒಂದರ ಪ್ಲಾಸ್ಮಾವನ್ನು (ರಕ್ತಕಣಗಳ ಮೇಲೆ ನಿಲ್ಲುವ ತಿಳಿ) ರಿಫ್ರಾಕ್ಟೋಮೀಟರಿನಲ್ಲಿ, ಅಂದರೆ ಬೆಳಕಿನ ಬಾಗುವಿಕೆಯಿಂದ ಪ್ರೋಟೀನ್ ಅಳೆಯುವ ಉಪಕರಣದಲ್ಲಿ, ಓದಿ. ಇನ್ನೊಂದನ್ನು 56 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಇಟ್ಟು, ಮತ್ತೆ ತಿರುಗಿಸಿ, ಗಸಿಯ ಮೇಲಿನ ತಿಳಿಯನ್ನು ಓದಿ. ವ್ಯತ್ಯಾಸವೇ ಫೈಬ್ರಿನೋಜೆನ್. ಹೆಚ್ಚಿನವರು ಕೆಡಿಸುವುದು ನೀರಿನ ಬಿಸಿಯಲ್ಲೇ: 60 ದಾಟಿದರೆ ಬೇರೆ ಪ್ರೋಟೀನ್‌ಗಳೂ ಹೆಪ್ಪಾಗಿ ಸುಳ್ಳು ಏರಿಕೆ ಬರುತ್ತದೆ. ಫ್ಲಾಸ್ಕು, ಥರ್ಮಾಮೀಟರ್ ಇದ್ದರೆ ಬಿಸಿ ಕಾಯ್ದುಕೊಳ್ಳುವುದು ಕೊಟ್ಟಿಗೆಯಲ್ಲೇ ಆಗುವ ಕೆಲಸ. ಪ್ಲಾಸ್ಮಾ ಕೆಂಪಾಗಿದ್ದರೆ ಎಸೆದು ಹೊಸದಾಗಿ ರಕ್ತ ತೆಗೆಯಿರಿ.

ಆರೋಗ್ಯವಂತ ಹಸುವಿಗೆ ಡೆಸಿಲೀಟರಿಗೆ 300ರಿಂದ 700 ಮಿಲಿಗ್ರಾಂ. ಉಪಕರಣವೇ 100–200 ಆಚೀಚೆ ತೋರಿಸುವುದರಿಂದ ಸಣ್ಣ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೈಯ ನೀರು ಬತ್ತಿದ ಹಸುವಿನಲ್ಲಿ ಒಟ್ಟು ಪ್ರೋಟೀನ್, ಫೈಬ್ರಿನೋಜೆನ್ ಎರಡೂ ಏರುತ್ತವೆ. ಆಗ ಒಟ್ಟು ಪ್ರೋಟೀನಿನಿಂದ ಫೈಬ್ರಿನೋಜೆನ್ ಕಳೆದು, ಉಳಿದದ್ದನ್ನು ಫೈಬ್ರಿನೋಜೆನ್‌ನಿಂದಲೇ ಭಾಗಿಸಿ. 15 ದಾಟಿದರೆ ಬರಿಯ ಬತ್ತುವಿಕೆ, 10ಕ್ಕಿಂತ ಕೆಳಗಿದ್ದರೆ ನಿಜವಾದ ಉರಿಯೂತ. ಕೆಚ್ಚಲು, ಗರ್ಭಕೋಶ ಮೊದಲು ನೋಡಿ. ಅಲ್ಲಿನ ಬೇನೆಗೂ ಫೈಬ್ರಿನೋಜೆನ್ ಏರುತ್ತದೆ.

ಫೈಬ್ರಿನೋಜೆನ್ ನಿಧಾನಿ. ಎರಡನೇ ದಿನ ನೋಡಿ ಬ್ಲಾಕ್ ಸೋತಿತು ಅನ್ನಬೇಡಿ. ವಾರದ ಮೇಲೆ ನೋಡಿ. ಬ್ಲಾಕ್ ಸರಿಯಾಗಿ ಕೂತಿದ್ದರೆ ಅಷ್ಟರಲ್ಲಿ ಇಳಿಮುಖವಾಗಿರುತ್ತದೆ. ಇಳಿಯದೆ, ಗೊರಸಿನ ಮೇಲಂಚು ಒಂದೇ ಬದಿ ಊದಿದ್ದರೆ ಕೀಲಿಗೆ ಕೀವು ಸೇರಿದೆ ಎಂದೇ ಹಿಡಿಯಿರಿ. ಅಲ್ಲಿ ಬ್ಲಾಕ್ ಒಂದೇ ಸಾಲದು. ಆಂಟಿಬಯಾಟಿಕ್ ಬೀಳಬೇಕಾದದ್ದು ಇಂಥ ಹಸುವಿಗೇ. ಉಳಿದವುಗಳ ಹಾಲನ್ನು ಆಂಟಿಬಯಾಟಿಕ್ ಸೇರಿತೆಂದು ಚೆಲ್ಲುವುದು ತಪ್ಪಿದ್ದರಲ್ಲೇ ರಿಫ್ರಾಕ್ಟೋಮೀಟರಿನ ದುಡ್ಡು ಹುಟ್ಟಿತು.

ಬ್ಲಾಕ್ ಮುಂದಕ್ಕೆ ಜರುಗಿದರೆ ಹಿಮ್ಮಡಿ ಕುಸಿದು ಒಳ್ಳೆಯ ಗೊರಸೂ ಕೆಡುತ್ತದೆ. ಹಿಮ್ಮಡಿಗೆ ಪೂರ್ತಿ ಆಸರೆ ಇರಲಿ, ನಾಲ್ಕರಿಂದ ಆರು ವಾರಕ್ಕೆ ತೆಗೆಯಿರಿ. ಒದ್ದೆ ನೆಲದಲ್ಲೂ ಅಂಟು ಬಿಡದಂತೆ ಗೊರಸನ್ನು ಹೇಗೆ ಒಣಗಿಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ನಡುವೆ ಗೊರಸು ಗಟ್ಟಿಯಾಗಲೆಂದು ಕೊಡುವ ಬಯೋಟಿನ್ ವಿಟಮಿನ್ ಕೂಡ ನೋಡಿದೆ, ದಿನಕ್ಕೆ 20 ಮಿಲಿಗ್ರಾಂ. ರಕ್ತದಲ್ಲಿ ಏನೂ ಕಾಣಲಿಲ್ಲ. ಗೊರಸು ಬೆಳೆಯುವುದೇ ತಿಂಗಳಿಗೆ ಅರ್ಧ ಸೆಂಟಿಮೀಟರ್, ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹುಣ್ಣಿಗೆ ಮೈಲುತುತ್ತ ತುಂಬಿ ಬಿಗಿಯಾಗಿ ಕಟ್ಟುವುದನ್ನಂತೂ ಬಿಟ್ಟುಬಿಡಿ. ಹೊಸದಾಗಿ ಬರುವ ಎಳೆ ಪದರವನ್ನೇ ಅದು ಸುಡುತ್ತದೆ.