ಸ್ಪೀಕರ್ ಬಾಕ್ಸ್ ಮೇಲಿನ ಪಿಎಂಪಿಒ ನಂಬಬೇಡಿ, ಆರ್‌ಎಂಎಸ್ ನೋಡಿ

ಹೋಂ ಥಿಯೇಟರ್ ಅಥವಾ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ದಯವಿಟ್ಟು ಬಾಕ್ಸ್ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಪಿಎಂಪಿಒ ಅಂಕಿಗೆ ಮರುಳಾಗಬೇಡಿ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್ ಎಂಬ ಈ ಅಳತೆಗೆ ಒಪ್ಪಿತ ಮಾನದಂಡವೇ ಇಲ್ಲ. ಕ್ಷಣಮಾತ್ರದ ಗರಿಷ್ಠ ಶಕ್ತಿಯನ್ನು ತಯಾರಕರು ತಮಗೆ ತೋಚಿದಂತೆ ಲೆಕ್ಕ ಹಾಕಿ ಸಾವಿರಗಟ್ಟಲೆ ವ್ಯಾಟ್ ಎಂದು ಬರೆಯಬಹುದು.

ನೋಡಬೇಕಾದದ್ದು ಆರ್‌ಎಂಎಸ್: ಉಪಕರಣ ನಿರಂತರವಾಗಿ ಕೊಡಬಲ್ಲ ಶಕ್ತಿ. ಅದರ ಪಕ್ಕದಲ್ಲಿ ಟಿಎಚ್‌ಡಿ ಎಷ್ಟಿದೆ ಎಂದೂ ಹುಡುಕಿ. ಅದು ಮೂಲ ಧ್ವನಿಗೆ ಸೇರಿಕೊಳ್ಳುವ ವಿರೂಪದ ಪ್ರಮಾಣ. ಶೇ 10 ಟಿಎಚ್‌ಡಿಯಲ್ಲಿ ಅಳೆದ 50 ವ್ಯಾಟ್, ಶೇ 1ರಲ್ಲಿ ಅಳೆದ 50 ವ್ಯಾಟ್‌ಗೆ ಸಮನಲ್ಲ. ಮೊದಲನೆಯದನ್ನು ಪೂರ್ತಿ ಏರಿಸಿದರೆ ಗಾಯಕರ ಕಂಠವೇ ಒಡೆದಂತೆ ಕೇಳಿಸುತ್ತದೆ, ಹಾಡು ಪ್ರೀತಿಸುವವರಿಗೆ ಅದು ಹಿಂಸೆ.

ಇನ್ನು ಡಿಬಿ, ಅಂದರೆ ಧ್ವನಿ ಎಷ್ಟು ಜೋರಾಗಿದೆ ಎಂದು ಅಳೆಯುವ ಡೆಸಿಬೆಲ್. ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು ಸುಮಾರು 3 ಡಿಬಿ ಮಾತ್ರ. ಹಾಗಾಗಿ 90 ಡಿಬಿ ಸೆನ್ಸಿಟಿವಿಟಿಯ (ನಿಗದಿತ ಶಕ್ತಿ ಕೊಟ್ಟಾಗ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಅಳತೆ) ಸ್ಪೀಕರ್, 87 ಡಿಬಿಯ ಸ್ಪೀಕರ್‌ಗೆ ಬೇಕಾದ ಅರ್ಧ ಶಕ್ತಿಯಲ್ಲೇ ಅಷ್ಟೇ ಜೋರಾಗಿ ಹಾಡುತ್ತದೆ. ಎಸ್‌ಎನ್‌ಆರ್ (ಹಾಡಿನ ಧ್ವನಿಗೂ ಬೇಡದ ಸದ್ದಿಗೂ ಇರುವ ಅನುಪಾತ) ಹೆಚ್ಚಿದ್ದಷ್ಟೂ ಹಿನ್ನೆಲೆಯ ಗೊರಗೊರ ಕಡಿಮೆ.

ಆರ್‌ಎಂಎಸ್ ಎಲ್ಲಿಯೂ ನಮೂದಾಗಿಲ್ಲವೇ? ಅಂಗಡಿಯವರನ್ನು ಕೇಳಿ. ಉತ್ತರ ಬಾರದಿದ್ದರೆ ಬೇರೆ ಮಾದರಿ ನೋಡಿ.